ಹೈಯರ್ ಆರ್ಡರ್ ಟರ್ಮ್ ಬಿಡೋಕಾಗದ ಲೆಕ್ಕ

ಎಂಜಿನಿಯರಿಂಗ್‌ಗೆ ಸೇರಿದ ಮೇಲೆ ನಾವು ಅತಿ ಹೆಚ್ಚು ಸಲ ಕೇಳಿರೋ ವಾಕ್ಯ ಯಾವುದು ಅಂದ್ರೆ, "ನೆಗ್ಲೆಕ್ಟಿಂಗ್ ಹೈಯರ್ ಆರ್ಡರ್ ಟರ್ಮ್ಸ್" ಅನ್ನೋದೇ ಇರಬೇಕು. ಲೋಲಕದ ಸಮೀಕರಣದಲ್ಲಿ ಸೈನ್ ತೀಟಾ ಇದ್ದ ಕಡೆ ಬರೀ ತೀಟಾ ಹಾಕ್ತೀವಿ. ಟ್ರಾನ್ಸಿಸ್ಟರ್‌ಗೆ ಸ್ಮಾಲ್ ಸಿಗ್ನಲ್ ಮಾಡೆಲ್ ಬರೀತೀವಿ. ಟೇಲರ್ ಸೀರೀಸ್‌ನಲ್ಲಿ ಎರಡು ಟರ್ಮ್ ಇಟ್ಟುಕೊಂಡು ಉಳಿದದ್ದನ್ನ ಬಿಟ್ಟುಬಿಡ್ತೀವಿ. ಇದು ಸೋಮಾರಿತನ ಅಲ್ಲ. ಲೆಕ್ಕದಲ್ಲಿ ಎಲ್ಲೋ ಒಂದು ಸಣ್ಣ ಸಂಖ್ಯೆ ಇದೆ, ಅದರ ವರ್ಗ ಇನ್ನೂ ಸಣ್ಣದು, ಘನ ಮತ್ತೂ ಸಣ್ಣದು ಅನ್ನೋ ಭರವಸೆ ಮೇಲೆ ನಡೆಯೋ ಕೆಲಸ ಅದು.

ಆ ಸಂಖ್ಯೆ ಸಣ್ಣದೇ ಅಲ್ಲದಿದ್ರೆ ಏನು ಮಾಡೋದು?

ಇದು ಸುಮ್ಮನೆ ಕೇಳಿದ ಪ್ರಶ್ನೆ ಅಲ್ಲ. ಒಂದು ಪ್ರೋಟಾನ್ ತಗೊಳ್ಳಿ. ಅದರ ದ್ರವ್ಯರಾಶಿ 938 ಎಂಇವಿ. ಅದರೊಳಗಿರೋ ಮೂರು ಕ್ವಾರ್ಕ್‌ಗಳ ದ್ರವ್ಯರಾಶಿ ಕೂಡಿಸಿದ್ರೆ ಸುಮಾರು 9 ಎಂಇವಿ, ಅಂದ್ರೆ ನೂರರಲ್ಲಿ ಒಂದು ಪಾಲು. ಉಳಿದ 99 ಪಾಲು ಬರೋದು ಕ್ವಾರ್ಕ್‌ಗಳನ್ನ ಕಟ್ಟಿಹಾಕಿರೋ ಗ್ಲುಆನ್ ಕ್ಷೇತ್ರದ ಶಕ್ತಿ ಮತ್ತು ಒಳಗಿನ ಚಲನೆಯಿಂದ. ನಮ್ಮ ಮೈತೂಕದ ಬಹುಪಾಲು ಇರೋದೇ ಅಲ್ಲಿ. ಅಲ್ಲಿ ಬಲದ ಅಳತೆ ಸಣ್ಣದಲ್ಲ, ಹಾಗಾಗಿ "ಮೊದಲ ಎರಡು ಟರ್ಮ್ ಸಾಕು" ಅನ್ನೋ ದಾರಿ ನಡೆಯಲ್ಲ. ಸೂಪರ್‌ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಪ್ರೋಟಾನ್ ತೂಕ ತೆಗೆದಿದ್ದಾರೆ. ಆದ್ರೆ ಪೆನ್ನು ಹಿಡಿದು, ಯಾಕೆ ಹೀಗೆ ಅಂತ ಮೂಲದಿಂದ ಸಾಧಿಸಿ ತೋರಿಸಿದವರು ಇನ್ನೂ ಇಲ್ಲ. ಇದಕ್ಕೆ ಹತ್ತಿರದ ಒಂದು ಗಣಿತ ಸಮಸ್ಯೆಗೆ ಕ್ಲೇ ಸಂಸ್ಥೆ 2000ರಲ್ಲೇ 10 ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ದುಡ್ಡು ಇನ್ನೂ ಅಲ್ಲೇ ಇದೆ.

ಆದ್ರೆ ಪ್ರೋಟಾನಿನ ಸಿದ್ಧಾಂತಕ್ಕೆ ದೂರದ ನೆಂಟನಂಥ ಇನ್ನೊಂದು ಸಿದ್ಧಾಂತ ಇದೆ. ಅಲ್ಲಿ ಕೆಲವು ಲೆಕ್ಕಗಳನ್ನ ಒಂದೂ ಟರ್ಮ್ ಬಿಡದೆ, ಈ ತುದಿಯಿಂದ ಆ ತುದಿವರೆಗೆ ಪೂರ್ತಿ ಮಾಡಿದ್ದಾರೆ. ಅದರಲ್ಲಿ ಒಂದು ಲೆಕ್ಕವನ್ನ ನಾವೂ ನೀವೂ ಲ್ಯಾಪ್‌ಟಾಪ್‌ನಲ್ಲಿ ಚೆಕ್ ಮಾಡಬಹುದು. ಅದಕ್ಕೆ ಬೇಕಾಗೋದು ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಕಟಲಾನ್ ಸಂಖ್ಯೆ ಮತ್ತು ಮ್ಯಾಥ್ಸ್ ಪುಸ್ತಕದ ಬೆಸೆಲ್ ಫಂಕ್ಷನ್.

ಕೋರಿಲೇಶನ್ ಫಂಕ್ಷನ್ ಅಂದ್ರೆ

ನಮ್ಮೂರು ಬಂಡ್ರಿ, ಸಂಡೂರು ತಾಲ್ಲೂಕು. ಬಂಡ್ರಿಯಲ್ಲಿ ಮಳೆ ಬಂದ ದಿನ ಸಂಡೂರಲ್ಲೂ ಬಂದಿರೋ ಸಾಧ್ಯತೆ ಜಾಸ್ತಿ. ಹೊಸಪೇಟೆ ದಾಟಿ ಕಂಪ್ಲಿಗೆ ಹೋದ್ರೆ ಆ ನಂಟು ಸ್ವಲ್ಪ ಸಡಿಲ. ಬೆಂಗಳೂರಿಗೆ ಬಂದ್ರೆ ಇನ್ನೂ ಸಡಿಲ. ಎರಡು ಜಾಗದ ಮಳೆ ತಮ್ಮ ತಮ್ಮ ಸರಾಸರಿಗಿಂತ ಎಷ್ಟು ಹೆಚ್ಚು ಕಮ್ಮಿ ಅಂತ ನೋಡಿ, ಆ ಎರಡು ಸಂಖ್ಯೆಗಳನ್ನ ಗುಣಿಸಿ, ತುಂಬಾ ದಿನಗಳ ಮೇಲೆ ಸರಾಸರಿ ತೆಗೆದ್ರೆ ಸಿಗೋದೇ ಕೋರಿಲೇಶನ್. ದೂರ ಹೆಚ್ಚಾದಂತೆ ಅದು ಹೇಗೆ ಇಳಿಯುತ್ತೆ ಅಂತ ಗ್ರಾಫ್ ಹಾಕಿದ್ರೆ ಅದು ಕೋರಿಲೇಶನ್ ಫಂಕ್ಷನ್. ಇಸಿ ಬ್ರಾಂಚಿನವರು ಸಿಗ್ನಲ್‌ಗಳಿಗೆ ಮಾಡೋದೂ ಇದನ್ನೇ.

ಕ್ವಾಂಟಮ್ ಕ್ಷೇತ್ರ ಸಿದ್ಧಾಂತದಲ್ಲಿ ಮಳೆಯ ಜಾಗಕ್ಕೆ ಕ್ಷೇತ್ರದ ಏರಿಳಿತ ಬರುತ್ತೆ. ಇಲ್ಲಿ ಒಂದು ಬಿಂದುವಲ್ಲಿ ಕ್ಷೇತ್ರ ಅಲುಗಿದ್ರೆ, ಅಲ್ಲಿ ಇನ್ನೊಂದು ಬಿಂದುವಲ್ಲಿ ಅದರ ಸುಳಿವು ಎಷ್ಟು? ಕಣದ ದ್ರವ್ಯರಾಶಿ, ಎರಡು ಕಣ ಡಿಕ್ಕಿ ಹೊಡೆದಾಗ ಏನಾಗುತ್ತೆ, ದ್ರವದ ಸ್ನಿಗ್ಧತೆ ಎಷ್ಟು, ಇವನ್ನೆಲ್ಲ ಈ ಫಂಕ್ಷನ್‌ಗಳಿಂದಲೇ ತೆಗೀಬೇಕು. ಹಾಗಾಗಿ ಒಂದು ಸಿದ್ಧಾಂತವನ್ನ "ಬಿಡಿಸಿದ್ದೇವೆ" ಅಂದ್ರೆ ಅದರ ಕೋರಿಲೇಶನ್ ಫಂಕ್ಷನ್‌ಗಳು ಗೊತ್ತು ಅಂತಲೇ ಅರ್ಥ.

ವೀಕ್ ಮತ್ತು ಸ್ಟ್ರಾಂಗ್

ಸಂಡೂರು ಕಡೆಯವರಿಗೆ ಅದಿರು ಲಾರಿ ಹೊಸದಲ್ಲ. ರಸ್ತೆಯಲ್ಲಿ ನಾಲ್ಕೇ ಲಾರಿ ಇದ್ದಾಗ ಒಂದೊಂದನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು. ಯಾವುದೋ ಒಂದು ಇನ್ನೊಂದನ್ನ ಓವರ್‌ಟೇಕ್ ಮಾಡಿದ್ರೆ ಅದೊಂದು ಸಣ್ಣ ತಿದ್ದುಪಡಿ ಅಷ್ಟೇ. ಇದು ವೀಕ್ ಕಪ್ಲಿಂಗ್. ಅದೇ ರಸ್ತೆಯಲ್ಲಿ ಜಾಮ್ ಆಗಿದೆ ಅನ್ಕೊಳ್ಳಿ. ಈಗ ಪ್ರತಿ ಲಾರಿಯೂ ಮುಂದಿನದ್ದಕ್ಕೂ ಹಿಂದಿನದ್ದಕ್ಕೂ ಅಂಟಿಕೊಂಡಿದೆ. ಒಂದೊಂದು ಲಾರಿಯ ಕಥೆ ಬರೀತಾ ಕೂತ್ರೆ ಮುಗಿಯಲ್ಲ. ಆದ್ರೆ ಜಾಮ್ ಅನ್ನೋದಕ್ಕೇ ಒಂದು ನಡೆ ಇರುತ್ತೆ: "ನಿಂತು ಹೊರಡೋ" ಅಲೆ ಹಿಂದಕ್ಕೆ ಸರಿತಾ ಹೋಗುತ್ತೆ. ಈಗ ಲೆಕ್ಕಕ್ಕೆ ಅನುಕೂಲವಾದ ವಸ್ತು ಲಾರಿ ಅಲ್ಲ, ಅಲೆ. ಸ್ಟ್ರಾಂಗ್ ಕಪ್ಲಿಂಗ್‌ನಲ್ಲೂ ಹೀಗೇ. ಹಳೆಯ ವೇರಿಯಬಲ್‌ಗಳು ಕೈಕೊಡ್ತವೆ. ಹೊಸ ವೇರಿಯಬಲ್ ಯಾವುದು ಅಂತ ಹುಡುಕೋದೇ ದೊಡ್ಡ ಕೆಲಸ.

ನಾವು ನೋಡೋ ಸಿದ್ಧಾಂತದ ಹೆಸರು ಎನ್=4 ಸೂಪರ್ ಯಾಂಗ್-ಮಿಲ್ಸ್. ಕ್ವಾರ್ಕ್‌ಗಳ ಸಿದ್ಧಾಂತದಲ್ಲಿ 3 'ಬಣ್ಣ' ಇದ್ರೆ ಇಲ್ಲಿ ಬೇಕಾದಷ್ಟು ಬಣ್ಣ ಇಟ್ಟುಕೊಳ್ಳಬಹುದು. 1974ರಲ್ಲಿ ಜೆರಾರ್ಡ್ ಟ್‌ಹೂಫ್ಟ್ ಒಂದು ವಿಷಯ ಗಮನಿಸಿದರು: ಬಣ್ಣಗಳ ಸಂಖ್ಯೆ ತುಂಬಾ ದೊಡ್ಡದಾದ್ರೆ, ಗೆರೆಗಳು ಒಂದನ್ನೊಂದು ದಾಟದ ಚಿತ್ರಗಳು ಮಾತ್ರ ಲೆಕ್ಕದಲ್ಲಿ ಉಳೀತವೆ. ಬಲದ ಅಳತೆಯಾಗಿ ಉಳಿಯೋದು ಒಂದೇ ಸಂಖ್ಯೆ. ಕಪ್ಲಿಂಗ್‌ನ ವರ್ಗವನ್ನ ಬಣ್ಣಗಳ ಸಂಖ್ಯೆಯಿಂದ ಗುಣಿಸಿದ್ರೆ ಬರೋ ಆ ಸಂಖ್ಯೆಯ ಹೆಸರು ಲ್ಯಾಂಬ್ಡಾ. ಲ್ಯಾಂಬ್ಡಾ ಸಣ್ಣದಿದ್ರೆ ವೀಕ್, ದೊಡ್ಡದಿದ್ರೆ ಸ್ಟ್ರಾಂಗ್.

ಸೂಪರ್‌ಸಿಮೆಟ್ರಿ ಅಂದ್ರೆ ಎರಡು ಜಾತಿಯ ಕಣಗಳ, ಬೋಸಾನ್ ಮತ್ತು ಫರ್ಮಿಯಾನ್‌ಗಳ, ನಡುವಿನ ಜೋಡಿ ಸಂಬಂಧ. ಲೆಕ್ಕದಲ್ಲಿ ಒಂದು ಜಾತಿ ಪ್ಲಸ್ ಕೊಟ್ಟ ಕಡೆ ಇನ್ನೊಂದು ಮೈನಸ್ ಕೊಟ್ಟು ಬಹಳಷ್ಟು ಹೊಡೆದುಹೋಗುತ್ತೆ. ಪ್ರಕೃತಿಯಲ್ಲಿ ಇಂಥ ಜೋಡಿ ಕಣಗಳು ಇದುವರೆಗೆ ಸಿಕ್ಕಿಲ್ಲ, ಎಲ್‌ಎಚ್‌ಸಿಯಲ್ಲೂ ಸಿಕ್ಕಿಲ್ಲ. ಆದ್ರೂ ಈ ಸಿದ್ಧಾಂತವನ್ನ ಇಷ್ಟು ಜನ ಹಿಡ್ಕೊಂಡಿರೋದು ಆ ಕ್ಯಾನ್ಸಲೇಶನ್‌ಗೋಸ್ಕರ. ಯಾಕೆ ಅಂತ ಲೆಕ್ಕದಲ್ಲೇ ನೋಡೋಣ.

ಒಂದು ವೃತ್ತ, ಒಂದು ಸಾಲಿನ ಟ್ರಿಗ್ನಾಮೆಟ್ರಿ

ತುಂಬಾ ಭಾರದ ಒಂದು ಚಾರ್ಜ್ ತಗೊಂಡು ವೃತ್ತಾಕಾರದಲ್ಲಿ ಒಂದು ಸುತ್ತು ಹೊಡೆಸಿ. ಆ ಸುತ್ತಿಗೆ ಕ್ಷೇತ್ರ ಹೇಗೆ ಸ್ಪಂದಿಸುತ್ತೆ ಅನ್ನೋ ಸಂಖ್ಯೆಯೇ ವಿಲ್ಸನ್ ಲೂಪ್. ಅದನ್ನ ತೆಗೆಯೋಕೆ ವೃತ್ತದ ಮೇಲಿನ ಎರಡೆರಡು ಬಿಂದುಗಳ ನಡುವಿನ ಕೋರಿಲೇಶನ್‌ಗಳನ್ನೆಲ್ಲ ಕೂಡಿಸಬೇಕು.

ಎರಡು ಬಿಂದುಗಳ ನಡುವಿನ ಕೋನ ತೀಟಾ ಇರಲಿ, ವೃತ್ತದ ತ್ರಿಜ್ಯ 1 ಇರಲಿ. ಕೋರಿಲೇಶನ್‌ನ ಛೇದದಲ್ಲಿ ದೂರದ ವರ್ಗ ಬರುತ್ತೆ, ಅದು 2 − 2 ಕಾಸ್ ತೀಟಾ. ಅಂಶದಲ್ಲಿ ಗ್ಲುಆನ್‌ನಿಂದ ಮೈನಸ್ ಕಾಸ್ ತೀಟಾ ಬರುತ್ತೆ. ಸೂಪರ್‌ಸಿಮೆಟ್ರಿ ಜೊತೆಗೆ ತಂದಿರೋ ಸ್ಕೇಲರ್ ಕ್ಷೇತ್ರದಿಂದ 1 ಬರುತ್ತೆ. ಕೂಡಿಸಿದ್ರೆ 1 − ಕಾಸ್ ತೀಟಾ. ಈಗ ಭಾಗಿಸಿ. ಉತ್ತರ 1/2, ಅಷ್ಟೇ. ತೀಟಾ ಮಾಯ! ಬಿಂದುಗಳು ಪಕ್ಕಪಕ್ಕ ಇರಲಿ, ಎದುರುಬದುರು ಇರಲಿ, ಕೊಡುಗೆ ಒಂದೇ.

ಹಾಗಾದ್ರೆ ಇಂಟೆಗ್ರಲ್ ತಲೆನೋವಿಲ್ಲ, ಎಣಿಸಿದ್ರೆ ಸಾಕು. ವೃತ್ತದ ಮೇಲೆ 2 ಬಿಂದು ಇದ್ರೆ ಜೋಡಿಸೋ ದಾರಿ 1. 4 ಬಿಂದು ಇದ್ದು ಗೆರೆಗಳು ದಾಟಬಾರದು ಅಂದ್ರೆ 2 ದಾರಿ. 6 ಇದ್ರೆ 5, 8 ಇದ್ರೆ 14. ಈ 1, 2, 5, 14 ಎಲ್ಲಿ ನೋಡಿದ್ದೀವಿ? ಬ್ರಾಕೆಟ್‌ಗಳನ್ನ ಸರಿಯಾಗಿ ಬ್ಯಾಲೆನ್ಸ್ ಮಾಡೋ ದಾರಿಗಳು ಎಷ್ಟು, ಇಷ್ಟು ನೋಡ್‌ಗಳಿಂದ ಎಷ್ಟು ಬೈನರಿ ಟ್ರೀ ಕಟ್ಟಬಹುದು ಅನ್ನೋ ಪ್ರಶ್ನೆಗಳಿಗೆ ಉತ್ತರವಾಗಿ. ಅದೇ ಕಟಲಾನ್ ಸಂಖ್ಯೆಗಳು. ಗೆರೆ ದಾಟಬಾರದು ಅನ್ನೋದೂ, ಬ್ರಾಕೆಟ್ ಸರಿಯಾಗಿ ಮುಚ್ಚಬೇಕು ಅನ್ನೋದೂ ಒಂದೇ ನಿಯಮ.

ಇವನ್ನ ಹಾಕಿ ಕೂಡಿಸಿದ್ರೆ ಸೀರೀಸ್ ಹೀಗೆ ಬರುತ್ತೆ: 1, ಪ್ಲಸ್ ಲ್ಯಾಂಬ್ಡಾ/8, ಪ್ಲಸ್ ಲ್ಯಾಂಬ್ಡಾ ವರ್ಗ/192, ಪ್ಲಸ್ ಲ್ಯಾಂಬ್ಡಾ ಘನ/9216, ಹೀಗೆ ಮುಂದಕ್ಕೆ. ಇದು ಪೂರ್ತಿ ಕೂಡೋ ಸೀರೀಸ್. ಉತ್ತರ: ರೂಟ್ ಲ್ಯಾಂಬ್ಡಾದ ಮಾಡಿಫೈಡ್ ಬೆಸೆಲ್ ಫಂಕ್ಷನ್, ಆರ್ಡರ್ 1, ಅದನ್ನ 2ರಿಂದ ಗುಣಿಸಿ ರೂಟ್ ಲ್ಯಾಂಬ್ಡಾದಿಂದ ಭಾಗಿಸಬೇಕು. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಕೈಸರ್ ವಿಂಡೋಗೆ ಬಳಸೋ ಬೆಸೆಲ್ ಫಂಕ್ಷನ್ ಇದರ ಅಣ್ಣ, ಆರ್ಡರ್ 0.

ಈಗ ನಂಬರ್ ಹಾಕೋಣ. ಪೈಥಾನ್ ಇದ್ರೆ ಸೈಪೈಯಲ್ಲಿ ಎರಡು ಸಾಲು.

ಲ್ಯಾಂಬ್ಡಾ 1 ಇದ್ದಾಗ ಮೊದಲ ಮೂರು ಟರ್ಮ್ ಕೊಡೋದು 1.1302. ಪೂರ್ತಿ ಉತ್ತರ 1.1303. ನಮ್ಮ ಹಳೆಯ ಅಭ್ಯಾಸಕ್ಕೆ ಜಯ.

ಲ್ಯಾಂಬ್ಡಾ 100 ಇದ್ದಾಗ ಮೊದಲ ಮೂರು ಟರ್ಮ್ ಕೊಡೋದು 65.6. ಪೂರ್ತಿ ಉತ್ತರ 534.2.

ಲ್ಯಾಂಬ್ಡಾ 10,000 ಇದ್ದಾಗ ಮೊದಲ ಮೂರು ಟರ್ಮ್ ಕೊಡೋದು ಸುಮಾರು 5 ಲಕ್ಷದ 22 ಸಾವಿರ. ಪೂರ್ತಿ ಉತ್ತರ 41 ಅಂಕಿಗಳ ಸಂಖ್ಯೆ.

"ಸ್ವಲ್ಪ ಎರರ್ ಇದೆ" ಅನ್ನೋ ಹಂತ ದಾಟಿ ಎಲ್ಲೋ ಹೋಯ್ತು. ಲ್ಯಾಂಬ್ಡಾ 100ರಲ್ಲಿ ಟರ್ಮ್‌ಗಳನ್ನ ಒಂದೊಂದಾಗಿ ನೋಡಿದ್ರೆ ಕಾರಣ ಗೊತ್ತಾಗುತ್ತೆ: 1, 12.5, 52, 109, 136, 113, 67... ಐದನೇ ಟರ್ಮ್ ಎಲ್ಲಕ್ಕಿಂತ ದೊಡ್ಡದು. ನಾವು ಬಿಟ್ಟಿದ್ದು ಚಿಲ್ಲರೆ ಅಲ್ಲ, ಅಸಲು.

ಬೆಸೆಲ್ ಫಂಕ್ಷನ್‌ಗೆ ಇನ್ನೊಂದು ತುದಿಯೂ ಇದೆ. ಲ್ಯಾಂಬ್ಡಾ ತುಂಬಾ ದೊಡ್ಡದಾದಾಗ ಅದು 0.798 ಗುಣಿಸು ಎಕ್ಸ್‌ಪೊನೆನ್ಷಿಯಲ್ ರೂಟ್ ಲ್ಯಾಂಬ್ಡಾ, ಭಾಗಿಸು ಲ್ಯಾಂಬ್ಡಾ ಘಾತ 3/4 ಅಂತ ಆಗುತ್ತೆ. ಲ್ಯಾಂಬ್ಡಾ 100ಕ್ಕೆ ಇದು ಕೊಡೋದು 555.8, ನಿಜಕ್ಕಿಂತ 4 ಪರ್ಸೆಂಟ್ ಜಾಸ್ತಿ. ಇದರ ಮುಂದಿನ ಒಂದು ತಿದ್ದುಪಡಿ ಸೇರಿಸಿದ್ರೆ 534.9, ಹೆಚ್ಚುಕಮ್ಮಿ ಸರಿ. ಆದ್ರೆ ಇದೇ ಸೂತ್ರಕ್ಕೆ ಲ್ಯಾಂಬ್ಡಾ 1 ಹಾಕಿದ್ರೆ 2.17 ಬರುತ್ತೆ, ನಿಜ ಉತ್ತರದ ಸುಮಾರು ಎರಡರಷ್ಟು. ಎರಡೂ ತುದಿಗೆ ಬೇರೆ ಬೇರೆ ಸೂತ್ರ. ಫಂಕ್ಷನ್ ಮಾತ್ರ ಒಂದೇ.

ಅದೇ ಉತ್ತರ, ಸೋಪ್ ಫಿಲ್ಮ್ ದಾರಿಯಿಂದ

1997ರ ನವೆಂಬರ್‌ನಲ್ಲಿ ಹುವಾನ್ ಮಾಲ್ಡಸೀನಾ ಒಂದು ಪ್ರಸ್ತಾಪ ಇಟ್ಟರು. ಈ ಎನ್=4 ಸಿದ್ಧಾಂತವೂ, ಒಂದು ಆಯಾಮ ಹೆಚ್ಚಿರೋ ಬಾಗಿದ ಜಾಗದಲ್ಲಿ (ಅದರ ಜೊತೆ ಐದು ಆಯಾಮದ ಒಂದು ಗೋಳವೂ ಇರುತ್ತೆ) ನಡೆಯೋ ಸ್ಟ್ರಿಂಗ್‌ಗಳ ಸಿದ್ಧಾಂತವೂ ಒಂದೇ ಅಂತ. ಲ್ಯಾಂಬ್ಡಾ ದೊಡ್ಡದಾದಷ್ಟೂ ಸ್ಟ್ರಿಂಗ್ ಬಿಗಿಯಾಗುತ್ತೆ, ಅದರ ಟೆನ್ಷನ್ ರೂಟ್ ಲ್ಯಾಂಬ್ಡಾ ಭಾಗಿಸು 2 ಪೈ. ಬಿಗಿ ಸ್ಟ್ರಿಂಗ್ ಹೆಚ್ಚು ಅಲುಗಾಡಲ್ಲ, ಹಾಗಾಗಿ ಲೆಕ್ಕ ಸುಲಭ. ಅಂದ್ರೆ ಗ್ಲುಆನ್ ಭಾಷೆಯಲ್ಲಿ ಅತಿ ಕಷ್ಟವಾದ ತುದಿಯೇ ಸ್ಟ್ರಿಂಗ್ ಭಾಷೆಯಲ್ಲಿ ಅತಿ ಸುಲಭ. ಲಾರಿ ಬಿಟ್ಟು ಅಲೆ ಹಿಡಿದ ಹಾಗೆ.

ತಂತಿಯ ಬಳೆಯನ್ನ ಸೋಪ್ ನೀರಲ್ಲಿ ಅದ್ದಿ ತೆಗೆದ್ರೆ ಅತಿ ಕಡಿಮೆ ವಿಸ್ತೀರ್ಣದ ಪೊರೆ ಕೂರುತ್ತಲ್ಲ, ವಿಲ್ಸನ್ ಲೂಪ್‌ನ ಲೆಕ್ಕವೂ ಹಾಗೇ. ವೃತ್ತವನ್ನ ಅಂಚಾಗಿಸಿ ಆ ಬಾಗಿದ ಜಾಗದೊಳಕ್ಕೆ ಇಳಿಬಿದ್ದ ಪೊರೆಯ ವಿಸ್ತೀರ್ಣ ಬೇಕು. ಅಂಚಿನ ಹತ್ತಿರ ಅನಂತಕ್ಕೆ ಹೋಗೋ ಭಾಗ ಭಾರದ ಚಾರ್ಜಿನ ಸ್ವಂತ ಖರ್ಚು. ಅದನ್ನ ಕಳೆದ್ರೆ ಉಳಿಯೋದು ಮೈನಸ್ 2 ಪೈ. ಟೆನ್ಷನ್‌ನಿಂದ ಗುಣಿಸಿ, ಚಿಹ್ನೆ ಬದಲಿಸಿ, ಎಕ್ಸ್‌ಪೊನೆನ್ಷಿಯಲ್ ಹಾಕಿ: ಎಕ್ಸ್‌ಪೊನೆನ್ಷಿಯಲ್ ರೂಟ್ ಲ್ಯಾಂಬ್ಡಾ. ಬ್ರಾಕೆಟ್ ಎಣಿಸಿ ಬಂದ ಬೆಸೆಲ್ ಫಂಕ್ಷನ್‌ನ ಆ ತುದಿಯಲ್ಲಿ ಇದ್ದದ್ದೂ ಇದೇ!

ಇಲ್ಲಿ ವರ್ಷಗಳ ಕ್ರಮ ಮುಖ್ಯ. ಪೊರೆಯ ಲೆಕ್ಕ ಮೊದಲು ಬಂತು, 1998ರಲ್ಲಿ. ಎರಿಕ್ಸನ್, ಸೆಮೆನಾಫ್, ಜರೆಂಬೋ ಸೇರಿ ದಾಟದ ಗೆರೆಗಳನ್ನ ಕೂಡಿಸಿ ಬೆಸೆಲ್ ಫಂಕ್ಷನ್ ಪಡೆದದ್ದು 2000ದಲ್ಲಿ. ಅವರು ಒಳಗೆ ಕವಲೊಡೆಯೋ ಚಿತ್ರಗಳನ್ನ ಬಿಟ್ಟಿದ್ದರು. ಮೊದಲ ಹಂತದಲ್ಲಿ ಅವು ಒಂದಕ್ಕೊಂದು ಹೊಡೆದುಹೋಗ್ತವೆ ಅಂತ ತೋರಿಸಿ, ಮುಂದೆಯೂ ಹಾಗೇ ಇರುತ್ತೆ ಅಂತ ಊಹಿಸಿದರು. ಆ ಊಹೆ ಸರಿ ಅಂತ ಸೂಪರ್‌ಸಿಮೆಟ್ರಿಯನ್ನೇ ಬಳಸಿ ವಾಸಿಲಿ ಪೆಸ್ಟುನ್ ಸಾಧಿಸಿದ್ದು 2007ರಲ್ಲಿ. ಟರ್ಮ್ ಬಿಡಬಹುದು. ಆದ್ರೆ ಅದು ಸಣ್ಣದು ಅಂತ ಅಲ್ಲ, ಸೊನ್ನೆ ಅಂತ ತೋರಿಸಿ ಬಿಡಬೇಕು.

ಎಲ್ಲಾ ಲೆಕ್ಕ ಹೀಗೆ ಸಲೀಸಲ್ಲ

ಕೆಲವು ಕೋರಿಲೇಶನ್‌ಗಳು ಇನ್ನೂ ಸುಲಭ: ಅವು ಲ್ಯಾಂಬ್ಡಾಗೆ ಜಗ್ಗೋದೇ ಇಲ್ಲ. ಈಗ ಮುಂಬೈನ ಟಿಐಎಫ್‌ಆರ್‌ನಲ್ಲಿರೋ ಶಿರಾಜ್ ಮಿನ್ವಾಲಾ 1998ರಲ್ಲಿ ಲೀ, ರಂಗಮಣಿ, ಸೈಬರ್ಗ್ ಜೊತೆ ಸೇರಿ ಸೂಪರ್‌ಸಿಮೆಟ್ರಿಯ ರಕ್ಷಣೆ ಇರೋ ಕೆಲವು ಆಪರೇಟರ್‌ಗಳ ಮೂರು ಬಿಂದುಗಳ ಕೋರಿಲೇಶನ್ ಲೆಕ್ಕ ಹಾಕಿದರು. ಸ್ಟ್ರಿಂಗ್ ಕಡೆಯಿಂದ ಬಂದ ಸ್ಟ್ರಾಂಗ್ ಕಪ್ಲಿಂಗ್ ಉತ್ತರವೂ, ಲ್ಯಾಂಬ್ಡಾ ಸೊನ್ನೆ ಇದ್ದಾಗಿನ ಉತ್ತರವೂ ಒಂದೇ ಬಂತು.

ರಕ್ಷಣೆ ಇಲ್ಲದ್ದರ ಕಥೆ ಬೇರೆ. ಈ ಸಿದ್ಧಾಂತದಲ್ಲಿ ಎರಡು ಬಿಂದುಗಳ ಕೋರಿಲೇಶನ್ ದೂರದ ಯಾವುದೋ ಒಂದು ಘಾತದಂತೆ ಇಳಿಯುತ್ತೆ. ಆ ಘಾತದ ಅರ್ಧಕ್ಕೆ ಡೈಮೆನ್ಷನ್ ಅಂತಾರೆ. ಕೊನಿಶಿ ಅನ್ನೋ ಆಪರೇಟರ್‌ಗೆ ಅದು ಲ್ಯಾಂಬ್ಡಾ ಸೊನ್ನೆಯಲ್ಲಿ 2. ಮೊದಲ ತಿದ್ದುಪಡಿ 3 ಲ್ಯಾಂಬ್ಡಾ ಭಾಗಿಸು 4 ಪೈ ವರ್ಗ. ಲ್ಯಾಂಬ್ಡಾ 10,000 ಹಾಕಿ ನೋಡಿದ್ರೆ ಈ ಸರಳರೇಖೆ 760 ದಾಟುತ್ತೆ. ಆದ್ರೆ ಸ್ಟ್ರಿಂಗ್ ಕಡೆಯ ಉತ್ತರ ಬೆಳೆಯೋದು ಲ್ಯಾಂಬ್ಡಾದ ನಾಲ್ಕನೇ ಮೂಲದಂತೆ, 18ರ ಹತ್ತಿರ ಬರುತ್ತೆ. ನಡುವಿನ ದಾರಿಗೆ ಬೆಸೆಲ್ ಫಂಕ್ಷನ್‌ನಂಥ ಚಂದದ ಸೂತ್ರ ಇಲ್ಲ. 2009ರಲ್ಲಿ ಗ್ರೊಮೋವ್, ಕಜಕೋವ್, ವಿಯೆರಾ ಕಂಪ್ಯೂಟರ್‌ನಲ್ಲಿ ಸಮೀಕರಣಗಳನ್ನ ಬಿಡಿಸಿ ಎರಡು ತುದಿಗಳನ್ನೂ ಸೇರಿಸಿದರು.

ಬೆಂಗಳೂರಿನ ಪಾಲು

ಈ ಕೆಲಸ ಎಲ್ಲೋ ಪ್ರಿನ್ಸ್‌ಟನ್‌ನಲ್ಲಿ ಮಾತ್ರ ನಡೆಯುತ್ತೆ ಅನ್ಕೋಬೇಡಿ. ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ ಐಸಿಟಿಎಸ್ ಇದೆ. ಪ್ರಪಂಚದ ಸ್ಟ್ರಿಂಗ್ ಸಿದ್ಧಾಂತಿಗಳು ವರ್ಷಕ್ಕೊಮ್ಮೆ ಸೇರೋ ಸಮ್ಮೇಳನ 2015ರ ಜೂನ್‌ನಲ್ಲಿ ನಡೆದದ್ದು ಬೆಂಗಳೂರಲ್ಲೇ. ಅದೇ ವರ್ಷ ಐಸಿಟಿಎಸ್ ನಿರ್ದೇಶಕರಾದ ರಾಜೇಶ್ ಗೋಪಕುಮಾರ್ ಹಿಡಿದಿರೋ ದಾರಿ ಮೇಲೆ ಹೇಳಿದ್ದಕ್ಕೆ ಉಲ್ಟಾ. ಎಲ್ಲರೂ ಸ್ಟ್ರಿಂಗ್ ಬಿಗಿಯಾದ ತುದಿಯಿಂದ ಹೊರಟ್ರೆ ಅವರು ಲ್ಯಾಂಬ್ಡಾ ಸೊನ್ನೆಯಿಂದ ಹೊರಡ್ತಾರೆ. ಅಲ್ಲಿ ಕೋರಿಲೇಶನ್‌ಗಳು ಪೂರ್ತಿ ಗೊತ್ತು. ಅವುಗಳಿಂದಲೇ ಸ್ಟ್ರಿಂಗನ್ನ ಕಟ್ಟೋಕಾಗುತ್ತಾ ಅನ್ನೋದು ಪ್ರಶ್ನೆ. ಈಗ ಐಐಎಸ್‌ಸಿಯಲ್ಲಿರೋ ಜಸ್ಟಿನ್ ಡೇವಿಡ್ ಜೊತೆ 2006ರಲ್ಲಿ ನಾಲ್ಕು ಬಿಂದುಗಳ ಕೋರಿಲೇಶನ್‌ಗಳ ಮೇಲೆ ಅವರು ಈ ಕೆಲಸ ಮಾಡಿದರು. 2021ರಲ್ಲಿ ಮಥಿಯಾಸ್ ಗಬರ್ಡೀಲ್ ಜೊತೆ ಸೇರಿ, ಲ್ಯಾಂಬ್ಡಾ ಸೊನ್ನೆಯ ಎನ್=4 ಸಿದ್ಧಾಂತಕ್ಕೆ ಯಾವ ಸ್ಟ್ರಿಂಗ್ ಜೋಡಿ ಅಂತ ಒಂದು ಪ್ರಸ್ತಾಪವನ್ನೂ ಇಟ್ಟರು.

ಐಐಎಸ್‌ಸಿಯಲ್ಲೇ ಇರೋ ಅನಿಂದ ಸಿನ್ಹಾ ಅವರ ಹೆಸರನ್ನ ನೀವು 2024ರಲ್ಲಿ ಪೇಪರ್‌ನಲ್ಲಿ ನೋಡಿರಬಹುದು. ಅವರೂ ಅರ್ಣಬ್ ಸಾಹಾ ಅವರೂ ಸೇರಿ ಪೈಗೆ ಹೊಸ ಸೀರೀಸ್ ಕೊಟ್ಟ ಸುದ್ದಿ ಅದು. ಅವರು ಹುಡುಕ್ತಿದ್ದದ್ದು ಪೈ ಅಲ್ಲ. ಸ್ಟ್ರಿಂಗ್‌ಗಳ ಡಿಕ್ಕಿಯ ಲೆಕ್ಕವನ್ನ ಬೇಗ ಕೂಡೋ ಸೀರೀಸ್ ಆಗಿ ಬರೆಯೋದು ಹೇಗೆ ಅಂತ ಹುಡುಕ್ತಿದ್ದರು. 10 ದಶಮಾಂಶ ಸ್ಥಾನಕ್ಕೆ ಮಾಧವನ ಸೀರೀಸ್ 500 ಕೋಟಿ ಟರ್ಮ್ ಕೇಳೋ ಕಡೆ ಇವರದ್ದು 30 ಟರ್ಮ್‌ನಲ್ಲಿ ಮುಗಿಯುತ್ತೆ. ಉತ್ತರ ಅದೇ. ಯಾವ ತುದಿಯಿಂದ ಕೂಡಿಸಿಕೊಂಡು ಬರ್ತೀವಿ ಅನ್ನೋದು ಬೇರೆ. ಇಡೀ ವಿಷಯದ ತಿರುಳೂ ಇದೇ.

ಪ್ರೋಟಾನ್‌ಗೆ ಏನು ಸಿಕ್ತು

ನೇರವಾಗಿ ಹೇಳಬೇಕಂದ್ರೆ, ಪ್ರೋಟಾನ್ ಇನ್ನೂ ಬಿಡಿಸಿದ ಲೆಕ್ಕ ಅಲ್ಲ. ಎನ್=4 ನಮ್ಮ ಜಗತ್ತಿನ ಸಿದ್ಧಾಂತ ಅಲ್ಲ, ಮಾಲ್ಡಸೀನಾ ಪ್ರಸ್ತಾಪಕ್ಕೆ ಪೂರ್ತಿ ಸಾಧನೆಯೂ ಇಲ್ಲ. ಆದ್ರೆ ಒಂದು ಕಡೆ ಅದು ಪ್ರಯೋಗದ ಹತ್ತಿರ ಬಂತು. ದ್ರವದ ಸ್ನಿಗ್ಧತೆಯನ್ನ ಒತ್ತಡದ ಎರಡು ಬಿಂದುಗಳ ಕೋರಿಲೇಶನ್‌ನಿಂದ ತೆಗೀಬಹುದು. 2001ರಲ್ಲಿ ಪೊಲಿಕಾಸ್ಟ್ರೊ, ಸನ್, ಸ್ಟಾರಿನೆಟ್ಸ್ ಇದನ್ನ ಸ್ಟ್ರಾಂಗ್ ಕಪ್ಲಿಂಗ್‌ನಲ್ಲಿ ಮಾಡಿದರು. ಅದರಿಂದ ಬರೋ ಸ್ನಿಗ್ಧತೆ ಮತ್ತು ಎಂಟ್ರೊಪಿ ಸಾಂದ್ರತೆಯ ಅನುಪಾತ, ಕಣಭೌತಶಾಸ್ತ್ರದ ಯೂನಿಟ್‌ನಲ್ಲಿ, 1/4 ಪೈ, ಅಂದ್ರೆ ಸುಮಾರು 0.08. ತುಂಬಾ ಸಣ್ಣ ಸಂಖ್ಯೆ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನ ಡಿಕ್ಕಿ ಹೊಡೆಸಿ ಕರಗಿಸಿದ ಕ್ವಾರ್ಕ್-ಗ್ಲುಆನ್ ದ್ರವ ಹೆಚ್ಚುಕಮ್ಮಿ ಪರಿಪೂರ್ಣ ದ್ರವದಂತೆ ಹರಿಯುತ್ತೆ ಅಂತ 2005ರಲ್ಲಿ ಘೋಷಿಸಿದರು. ಅಳತೆಗಳು ಇದೇ ಆಸುಪಾಸಿನವು. ವೀಕ್ ಕಪ್ಲಿಂಗ್ ಲೆಕ್ಕ ಹೇಳೋದು ಇದಕ್ಕಿಂತ ಎಷ್ಟೋ ದೊಡ್ಡ ಸಂಖ್ಯೆ. 1/4 ಪೈಗೆ ಬೇಕಾದ ತಿದ್ದುಪಡಿಗಳ ಮೇಲೆ ಬುಖೆಲ್ ಮತ್ತು ಮೈಯರ್ಸ್ ಜೊತೆ ಕೆಲಸ ಮಾಡಿದವರಲ್ಲಿ ಅನಿಂದ ಸಿನ್ಹಾ ಕೂಡ ಒಬ್ಬರು.

ನಮಗೆ ಸೆಮಿಸ್ಟರ್ ಪರೀಕ್ಷೆಯಲ್ಲಿ ಇದು ಬರಲ್ಲ. ಆದ್ರೆ ಮುಂದಿನ ಸಲ ಒಂದು ಟರ್ಮ್ ಮೇಲೆ ಗೀಟು ಎಳೆಯುವಾಗ, ಯಾವ ಸಂಖ್ಯೆ ಸಣ್ಣದಿದೆ ಅಂತ ಇದನ್ನ ಬಿಡ್ತಿದ್ದೀನಿ ಅಂತ ಪಕ್ಕದಲ್ಲಿ ಒಂದು ಸಾಲು ಬರೆದಿಡಿ. ಆ ಸಂಖ್ಯೆಯ ಹೆಸರು ಹೇಳೋಕೆ ಬರದಿದ್ರೆ, ಟರ್ಮ್ ಬಿಡೋಕೆ ನಮಗಿನ್ನೂ ಹಕ್ಕು ಬಂದಿಲ್ಲ.